ಟ್ರಾಫಿಕ್‌ಗೆ ಎದುರು ದಿಕ್ಕಿನಲ್ಲಿ ಆಫೀಸ್ ಇದ್ದರೆ ನಿಜಕ್ಕೂ ಸಮಯ ಉಳಿಯುತ್ತಾ? ಮುಂಬೈ-ನವಿ ಮುಂಬೈ ಲೆಕ್ಕಾಚಾರ ಇಲ್ಲಿದೆ

ಬೆಳಗ್ಗೆ ಎಂಟೂವರೆ. ವಾಶಿಯಿಂದ ಮಾನ್‌ಖುರ್ದ್ ಕಡೆಗೆ ಬರುವ ಕಾರುಗಳು ಒಂದರ ಹಿಂದೊಂದು ತೆವಳುತ್ತಿರುತ್ತವೆ. ಅದೇ ಹೊತ್ತಿಗೆ ಡಿವೈಡರ್‌ನ ಆಚೆ ಬದಿಯಲ್ಲಿ ಮುಂಬೈಯಿಂದ ವಾಶಿಗೆ ಹೊರಟವರು ಅಷ್ಟೇನೂ ತೊಂದರೆಯಿಲ್ಲದೆ ಸಾಗುತ್ತಿರುತ್ತಾರೆ. ಜಾಮ್‌ನಲ್ಲಿ ಕುಳಿತವರಿಗೆ ಅನ್ನಿಸುವುದು ಒಂದೇ: ನಮ್ಮ ಆಫೀಸೂ ಆ ಕಡೆಗೇ ಇದ್ದಿದ್ದರೆ!

ಊರೊಳಗೆ ಮನೆ, ಊರಾಚೆ ಕೆಲಸ. ಎಲ್ಲರೂ ನಗರದೊಳಕ್ಕೆ ಬರುವ ಹೊತ್ತಿಗೆ ನೀವು ಹೊರಗೆ, ಎಲ್ಲರೂ ಹೊರಗೆ ಹೋಗುವ ಹೊತ್ತಿಗೆ ನೀವು ಒಳಗೆ. ಇದನ್ನೇ 'ರಿವರ್ಸ್ ಕಮ್ಯೂಟ್' ಎನ್ನುತ್ತಾರೆ. ಇದು ರಾಂಗ್ ಸೈಡ್ ಡ್ರೈವಿಂಗ್ ಅಲ್ಲ, ಜನರ ಗುಂಪಿಗೆ ಎದುರಾಗಿ ಹೋಗುವ ಪ್ರಯಾಣ ಅಷ್ಟೇ. ನವಿ ಮುಂಬೈಯಲ್ಲಿ ಕೆಲಸದ ಆಫರ್ ಸಿಕ್ಕವರು 'ಹೇಗೂ ಎದುರು ದಿಕ್ಕು, ಅರ್ಧ ಗಂಟೆಯಲ್ಲಿ ತಲುಪಬಹುದು' ಎಂದು ಒಪ್ಪಿಬಿಡುವುದುಂಟು. ಆದರೆ ಊರಿನಿಂದ ಹೊರಗೆ ಹೋಗುವ ದಾರಿಯೆಲ್ಲ ಟ್ರಾಫಿಕ್‌ಗೆ ಎದುರು ದಾರಿಯೇ ಆಗಿರುತ್ತದೆಯೇ? ಇಲ್ಲ. ಯಾಕೆ ಅಂತ ನೋಡೋಣ.

ಸ್ವಲ್ಪ ವಾಹನ ಕಡಿಮೆಯಾದರೂ ಅಷ್ಟೊಂದು ವ್ಯತ್ಯಾಸ ಯಾಕೆ?

ಸಿಗ್ನಲ್ ಇಲ್ಲದ ಒಳ್ಳೆಯ ಹೆದ್ದಾರಿಯ ಒಂದು ಲೇನ್‌ನಲ್ಲಿ ಗಂಟೆಗೆ ಹೆಚ್ಚೆಂದರೆ ಸುಮಾರು 2,000 ಕಾರುಗಳು ಸಾಗಬಹುದು. ಅಂದರೆ ಎರಡು ಸೆಕೆಂಡಿಗೊಂದು ಕಾರು. ಈ ಮಿತಿಗಿಂತ ಕೆಳಗಿರುವಾಗ ರಸ್ತೆ ಸರಾಗ. ಮಿತಿ ಹತ್ತಿರ ಬಂದಾಗ ಮುಂದಿನವರೊಬ್ಬರು ಬ್ರೇಕ್ ಒತ್ತಿದರೂ ಸಾಕು, ಹಿಂದಿನವರು ಇನ್ನೂ ಜೋರಾಗಿ ಒತ್ತುತ್ತಾರೆ, ಅವರ ಹಿಂದಿನವರು ನಿಂತೇಬಿಡುತ್ತಾರೆ. ಒಮ್ಮೆ ಹೀಗೆ ಜಾಮ್ ಆದರೆ ಆ ರಸ್ತೆಯಲ್ಲಿ ದಾಟುವ ಕಾರುಗಳ ಸಂಖ್ಯೆಯೂ ಇಳಿಯುತ್ತದೆ, ಸಾಲು ಬೆಳೆಯುತ್ತಲೇ ಹೋಗುತ್ತದೆ.

ಶಾಲೆಗಳಿಗೆ ರಜೆ ಬಂದಾಗ ರಸ್ತೆ ಒಮ್ಮೆಲೇ ಖಾಲಿಯಾದಂತೆ ಅನ್ನಿಸುವುದು ಇದೇ ಕಾರಣಕ್ಕೆ. ನಿಜವಾಗಿ ಕಡಿಮೆಯಾಗುವುದು ಸ್ವಲ್ಪ ವಾಹನಗಳು ಮಾತ್ರ. ಎದುರು ದಿಕ್ಕಿನ ಲಾಭವೂ ಹೀಗೆಯೇ. ಆ ಬದಿ ಖಾಲಿ ಇರಬೇಕೆಂದೇನಿಲ್ಲ, ಮಿತಿಗಿಂತ ಸ್ವಲ್ಪ ಕೆಳಗಿದ್ದರೆ ಸಾಕು. ಇದರ ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ: ವಾಹನ ಸ್ವಲ್ಪ ಹೆಚ್ಚಾದರೂ ಆ ಲಾಭ ಪೂರ್ತಿ ಹೋಗಬಹುದು.

ಮುಂಬೈಯಲ್ಲಿ ಯಾರಿಗೆ ಲಾಭ?

ನವಿ ಮುಂಬೈ ಹುಟ್ಟಿದ್ದೇ ಮುಂಬೈನ ದಟ್ಟಣೆ ತಗ್ಗಿಸಲು. ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ 1960ರ ದಶಕದಲ್ಲಿ ಮುಂದಿಟ್ಟ ಯೋಚನೆ ಅದು. ಕೊಲ್ಲಿಯ ಆಚೆ ಮನೆಗಳ ಜೊತೆಗೆ ಕೆಲಸಗಳನ್ನೂ ಬೆಳೆಸಬೇಕು ಎಂಬುದು ಉದ್ದೇಶ. 1970ರಲ್ಲಿ ಇದಕ್ಕಾಗಿಯೇ ಸಿಡ್ಕೊ ಸ್ಥಾಪನೆಯಾಯಿತು. ಮನೆಗಳೂ ಬಂದವು, ಐರೋಲಿ, ವಾಶಿ, ಬೇಲಾಪುರದಲ್ಲಿ ಆಫೀಸುಗಳೂ ಬಂದವು. ಆದರೂ ಬೆಳಗ್ಗೆ ಆ ಕಡೆಯಿಂದ ಮುಂಬೈಗೆ ಬರುವವರ ಸಾಲು ನಿಂತಿಲ್ಲ. ಅದಕ್ಕೇ ಎದುರು ದಿಕ್ಕಿನವರಿಗೆ ಅನುಕೂಲ.

ಕನ್ನಡ ಕುಟುಂಬಗಳು ತಲೆಮಾರುಗಳಿಂದ ನೆಲೆಸಿರುವ ಮಾಟುಂಗಾ, ವಡಾಲಾ, ಸಯಾನ್, ಚೆಂಬೂರು ಈ ದಾರಿಯ ಬಾಯಲ್ಲೇ ಇವೆ. ಮನೆಯಿಂದ ಹೊರಟರೆ ಬೇಗನೆ ಸಯಾನ್-ಪನ್ವೇಲ್ ಹೆದ್ದಾರಿ ಸಿಗುತ್ತದೆ. ಅಂಧೇರಿ ಅಥವಾ ಬೊರಿವಲಿಯಲ್ಲಿ ಇರುವವರ ಕತೆ ಬೇರೆ. ಅವರು ಮೊದಲು ಊರನ್ನು ಅಡ್ಡಲಾಗಿ ದಾಟಬೇಕು. ಹೆದ್ದಾರಿಯಲ್ಲಿ ಉಳಿಸಿದ 20 ನಿಮಿಷ ಅಲ್ಲಿಗೇ ಮುಗಿದಿರುತ್ತದೆ.

ತಲುಪುವ ಕಡೆಯೂ ಅಷ್ಟೇ ಮುಖ್ಯ. ಐರೋಲಿಯ ಐಟಿ ಪಾರ್ಕ್‌ಗೆ ಹೋಗುವವರಿಗೆ ಕೊನೆಯ ಕೆಲವು ಕಿಲೋಮೀಟರ್‌ಗಳಲ್ಲಿ ಥಾಣೆಯಿಂದ ಬರುವವರೂ ಜೊತೆಯಾಗುತ್ತಾರೆ. ಅಲ್ಲಿ ನೀವೂ ಗುಂಪಿನಲ್ಲಿ ಒಬ್ಬರು. ಕಳಂಬೋಲಿ ಕಡೆ ಕೆಲಸವಾದರೆ ನ್ಹಾವಾ ಶೇವಾ ಬಂದರಿನ ಟ್ರಕ್‌ಗಳಿವೆ. ಟ್ರಕ್‌ಗಳಿಗೆ ಆಫೀಸ್ ಟೈಮ್ ಇಲ್ಲ.

ತಿಂಗಳ ಲೆಕ್ಕ ಹೀಗೆ ಹಾಕಿ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಆಫೀಸ್ 20 ಕಿ.ಮೀ. ದೂರ, ತಿಂಗಳಿಗೆ 22 ದಿನ ಕೆಲಸ. ಒಟ್ಟು 880 ಕಿ.ಮೀ.

• ಪೆಟ್ರೋಲ್: ನಿಂತು ನಿಂತು ಸಾಗುವಾಗ ಕಾರು ಲೀಟರ್‌ಗೆ 11 ಕಿ.ಮೀ. ಕೊಟ್ಟರೆ 80 ಲೀಟರ್ ಬೇಕು. ಸರಾಗವಾಗಿ ಸಾಗಿ 16 ಕಿ.ಮೀ. ಕೊಟ್ಟರೆ 55 ಲೀಟರ್ ಸಾಕು. ಲೀಟರ್‌ಗೆ ₹104 ಎಂದುಕೊಂಡರೆ ತಿಂಗಳಿಗೆ ₹2,600 ಉಳಿತಾಯ.

• ಸಮಯ: ಹೋಗುವಾಗ 20, ಬರುವಾಗ 20 ನಿಮಿಷ ಉಳಿದರೂ ತಿಂಗಳಿಗೆ 14 ಗಂಟೆ 40 ನಿಮಿಷ.

• ಟೋಲ್: ವಾಶಿ, ಐರೋಲಿ ಸೇರಿ ಮುಂಬೈ ಪ್ರವೇಶದ ಐದು ಟೋಲ್ ನಾಕಾಗಳಲ್ಲಿ 2024ರ ಅಕ್ಟೋಬರ್‌ನಿಂದ ಕಾರುಗಳಿಗೆ ಟೋಲ್ ಇಲ್ಲ. ಆದರೆ ಅಟಲ್ ಸೇತುವಿನಲ್ಲಿ ಇದೆ. 2024ರ ಜನವರಿಯಲ್ಲಿ ಉದ್ಘಾಟನೆಯಾದ, 21.8 ಕಿ.ಮೀ. ಉದ್ದದ ಈ ಸೇತುವೆಗೆ ನಿಗದಿಯಾದ ದರ ಕಾರಿಗೆ ಒಂದು ಸಲಕ್ಕೆ ₹250, ಹೋಗಿ ಬರಲು ₹375. 22 ದಿನಕ್ಕೆ ₹8,250. ಪೆಟ್ರೋಲ್‌ನಲ್ಲಿ ಉಳಿಸಿದ್ದಕ್ಕಿಂತ ಎಷ್ಟೋ ಹೆಚ್ಚು.

ಮನೆಯನ್ನೇ ಆ ಕಡೆಗೆ ಬದಲಿಸಬಾರದೇ ಎಂಬ ಪ್ರಶ್ನೆ ಬರುತ್ತದೆ. ಖಾರ್ಘರ್, ಪನ್ವೇಲ್‌ಗಳಲ್ಲಿ ಬಾಡಿಗೆ ಕಡಿಮೆ. ಆದರೆ ಗಂಡನ ಕೆಲಸ ನವಿ ಮುಂಬೈಯಲ್ಲಿ, ಹೆಂಡತಿಯ ಕೆಲಸ ಬಿಕೆಸಿಯಲ್ಲಿ, ಮಗುವಿನ ಶಾಲೆ ಮನೆ ಪಕ್ಕದಲ್ಲಿ ಎಂದಾದರೆ ಮನೆ ಬದಲಿಸಿದ ಮರುದಿನವೇ ಹೆಂಡತಿ ಜಾಮ್‌ನ ದಿಕ್ಕಿಗೆ ಬೀಳುತ್ತಾರೆ. ಒಬ್ಬರಿಗೆ ಉಳಿಯುವ ಸಮಯ ಇನ್ನೊಬ್ಬರಿಂದ ಕಳೆಯುತ್ತದೆ. ಆದ್ದರಿಂದ ಲೆಕ್ಕ ಒಬ್ಬರದ್ದಲ್ಲ, ಇಡೀ ಮನೆಯದ್ದಾಗಿರಲಿ.

ಪುಣೆ, ದೆಹಲಿ, ಹೈದರಾಬಾದ್‌ನಲ್ಲಿ ಈ ಸೂತ್ರ ನಡೆಯಲ್ಲ

ಎದುರು ದಿಕ್ಕಿನ ಲೆಕ್ಕ ಹೊಂದುವುದು ಕೆಲಸಗಳು ಊರ ನಡುವೆ, ಮನೆಗಳು ಅಂಚಿನಲ್ಲಿ ಇದ್ದಾಗ. ನಮ್ಮ ದೊಡ್ಡ ನಗರಗಳಲ್ಲಿ ಐಟಿ ಕಂಪನಿಗಳು ಬೆಳೆದದ್ದೇ ಅಂಚಿನಲ್ಲಿ. ಪುಣೆಯಲ್ಲಿ ಬೆಳಗ್ಗೆ ಹಿಂಜೆವಾಡಿಗೆ ಹೋಗುವವರು ಊರಿನಿಂದ ಹೊರಗೇ ಹೋಗುತ್ತಾರೆ, ಆದರೆ ಜಾಮ್ ಇರುವುದೂ ಅದೇ ದಿಕ್ಕಿನಲ್ಲಿ. ಭೂಮ್ಕರ್ ಚೌಕ್ ದಾಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೆನ್ನೈನ ಓಎಂಆರ್, ಹೈದರಾಬಾದ್‌ನ ಹೈಟೆಕ್ ಸಿಟಿ, ಬೆಂಗಳೂರಿನ ವೈಟ್‌ಫೀಲ್ಡ್ ಕತೆಯೂ ಇದೇ.

ದೆಹಲಿ-ಗುರುಗ್ರಾಮದಲ್ಲಿ ಎರಡೂ ಕಡೆ ಮನೆಗಳಿವೆ, ಎರಡೂ ಕಡೆ ಆಫೀಸುಗಳಿವೆ. ಅಲ್ಲಿ ಜಾಮ್‌ಗೆ ದಿಕ್ಕೇ ಇಲ್ಲ. ನವಿ ಮುಂಬೈಯೂ ಅದೇ ದಾರಿ ಹಿಡಿಯಬಹುದು. ಅಲ್ಲಿನ ಹೊಸ ವಿಮಾನ ನಿಲ್ದಾಣ 2025ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಗಿದೆ. ವಿಮಾನ ಹಿಡಿಯುವವರು, ಅಲ್ಲಿ ಕೆಲಸ ಮಾಡುವವರು ಮುಂಬೈಯಿಂದ ಹೊರಡುವುದು ನಿಮ್ಮ ದಿಕ್ಕಿನಲ್ಲೇ. ಇಂದಿನ ಸರಾಗ ದಾರಿಯನ್ನು ನಂಬಿ 20 ವರ್ಷದ ಗೃಹಸಾಲ ಮಾಡುವ ಮೊದಲು ಇದನ್ನೂ ಯೋಚಿಸಿ.

ಡ್ರೈವ್ ಮಾಡುವಾಗ ಗಮನಿಸಬೇಕಾದ ಅಂಶಗಳು

• ಮುಂಬೈಯಿಂದ ವಾಶಿ ಪೂರ್ವಕ್ಕಿದೆ. ಬೆಳಗ್ಗೆ ಹೋಗುವಾಗ ಸೂರ್ಯ ಎದುರಿಗೆ, ಸಂಜೆ ಬರುವಾಗ ಮತ್ತೆ ಎದುರಿಗೆ. ವಿಂಡ್‌ಶೀಲ್ಡ್ ಸ್ವಚ್ಛವಾಗಿರಲಿ, ಕೂಲಿಂಗ್ ಗ್ಲಾಸ್ ಕಾರಿನಲ್ಲೇ ಇರಲಿ.

• ರಸ್ತೆ ಖಾಲಿ ಇದ್ದಾಗ ವೇಗ ತಾನಾಗಿಯೇ ಏರುತ್ತದೆ. ಜಾಮ್‌ನಲ್ಲಿ ಆಗುವುದು ಹೆಚ್ಚಾಗಿ ಬಂಪರ್‌ಗೆ ಪೆಟ್ಟು. ಖಾಲಿ ರಸ್ತೆಯಲ್ಲಿ ಆಗುವ ಅಪಘಾತ ಜೀವಕ್ಕೇ ಕುತ್ತು.

• ಆಚೆ ಬದಿಯಲ್ಲಿ ಅಪಘಾತವಾದರೆ ಈಚೆ ಬದಿಯವರೂ ನೋಡಲು ನಿಧಾನ ಮಾಡುತ್ತಾರೆ. ಮುಂದಿನ ಕಾರಿನಿಂದ ಅಂತರ ಕಾಯ್ದುಕೊಳ್ಳಿ.

ಕಾರೇ ಬೇಕಾ?

ಎದುರು ದಿಕ್ಕಿನ ಲಾಭ ಲೋಕಲ್ ರೈಲಿನಲ್ಲೂ ಇದೆ. ಹಾರ್ಬರ್ ಲೈನ್‌ನಲ್ಲಿ ವಡಾಲಾ, ಕುರ್ಲಾ, ಚೆಂಬೂರಿನಿಂದ ಬೆಳಗ್ಗೆ ವಾಶಿ, ಬೇಲಾಪುರ ಕಡೆಗೆ ಹೋಗುವ ಗಾಡಿಗಳಲ್ಲಿ ಸಿಎಸ್‌ಎಂಟಿ ಕಡೆಗೆ ಬರುವ ಗಾಡಿಗಳಷ್ಟು ನೂಕುನುಗ್ಗಲು ಇರುವುದಿಲ್ಲ. ಸೀಟು ಸಿಗುವ ಸಾಧ್ಯತೆಯೂ ಹೆಚ್ಚು. ಆಫೀಸ್ ಸ್ಟೇಷನ್‌ಗೆ ಹತ್ತಿರವಿದ್ದರೆ ಕಾರಿಗಿಂತ ಇದೇ ಅಗ್ಗ. ರಾತ್ರಿ ಪಾಳಿ ಇದ್ದರೆ ಅಥವಾ ಸ್ಟೇಷನ್‌ನಿಂದ ಆಫೀಸ್ ದೂರವಿದ್ದರೆ ಮಾತ್ರ ಕಾರಿನ ಮಾತು.

ಆಫರ್ ಒಪ್ಪುವ ಮೊದಲು ಹೀಗೆ ಮಾಡಿ

ಭಾನುವಾರ ಹೋಗಿ ನೋಡಿ ಬಂದರೆ ಏನೂ ತಿಳಿಯುವುದಿಲ್ಲ. ಮಂಗಳವಾರ ಅಥವಾ ಬುಧವಾರ, ನೀವು ನಿಜವಾಗಿ ಹೊರಡಬೇಕಾದ ಹೊತ್ತಿಗೇ ಮನೆಯಿಂದ ಹೊರಡಿ. ಸಂಜೆ ಆಫೀಸ್ ಬಿಡುವ ಹೊತ್ತಿಗೆ ಅಲ್ಲಿಂದ ವಾಪಸ್ ಬನ್ನಿ. ಹೋಗುವ ದಾರಿಯಷ್ಟೇ ಬರುವ ದಾರಿಯೂ ಸರಾಗವಾಗಿರುತ್ತದೆ ಎಂಬ ಖಾತ್ರಿಯಿಲ್ಲ. ಮಳೆಗಾಲದಲ್ಲಿ ಇನ್ನೊಮ್ಮೆ ನೋಡಲು ಸಾಧ್ಯವಾದರೆ ಮತ್ತೂ ಒಳ್ಳೆಯದು. ಬಾಗಿಲಿನಿಂದ ಬಾಗಿಲಿಗೆ ಎಷ್ಟು ನಿಮಿಷ ಹಿಡಿಯಿತು ಎಂದು ಬರೆದಿಟ್ಟುಕೊಳ್ಳಿ. ಸಂಬಳದ ಮಾತುಕತೆಗೆ ಕೂರುವಾಗ ಆ ಸಂಖ್ಯೆ ನಿಮ್ಮ ಕೈಯಲ್ಲಿರಲಿ.