ಎಚ್ಚರವಿದ್ದು ಮಾತಾಡುವ ರೋಗಿ

ಬೆಣ್ಣೆಹಳ್ಳದ ದಂಡೆಯ ಯಮನೂರಿಗೆ ಉರುಸಿಗೆಂದು ಬರುವವರಲ್ಲಿ ಹಿಂದೂಗಳೂ ಉಂಟು, ಮುಸಲ್ಮಾನರೂ ಉಂಟು. ಹಳ್ಳದಲ್ಲಿ ಮಿಂದರೆ ಚರ್ಮದ ಬೇನೆ ಹೋಗುವುದೆಂಬ ನಂಬುಗೆ ಅವರಲ್ಲಿ ಹಳೆಯದು. ನಂಬುಗೆಯ ವಿಚಾರ ಹಾಗಿರಲಿ. ಅಲ್ಲಿ ಬೇನೆಯವನು ತನ್ನ ಬೇನೆಯನ್ನು ತನ್ನ ಮಾತಿನಲ್ಲಿಯೇ ತೋಡಿಕೊಳ್ಳುತ್ತಾನೆ. ಶಸ್ತ್ರವೈದ್ಯರ ಮೇಜಿನ ಮೇಲೆ ಮಲಗಿದವನಿಗೆ ಆ ಅವಕಾಶ ಸಾಮಾನ್ಯವಾಗಿ ಇಲ್ಲ. ಆದರೆ ಮಿದುಳಿನ ಕೆಲವು ಶಸ್ತ್ರಕ್ರಿಯೆಗಳಲ್ಲಿ ವೈದ್ಯರೇ ರೋಗಿಯನ್ನು ಎಚ್ಚರದಲ್ಲಿರಿಸಿಕೊಂಡು "ಮಾತಾಡಿರಿ" ಎನ್ನುತ್ತಾರೆ.

2017ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಭಗವಾನ್ ಮಹಾವೀರ ಜೈನ್ ಆಸ್ಪತ್ರೆಯಲ್ಲಿ ಇಂಥದೊಂದು ಶಸ್ತ್ರಕ್ರಿಯೆ ನಡೆಯಿತು. ಗಿಟಾರ್ ನುಡಿಸುವ ಒಬ್ಬ ಯುವಕನ ಎಡಗೈಯ ಬೆರಳುಗಳು ತಂತಿಯ ಮೇಲೆ ಆಡುವಾಗ ಸೆಡೆತುಕೊಳ್ಳುತ್ತಿದ್ದವು. ವೈದ್ಯರು ಮಿದುಳಿನ ಆಳದಲ್ಲಿರುವ ಥಲಾಮಸ್ ಎಂಬ ಭಾಗಕ್ಕೆ ಸೂಜಿಯಂಥ ಸಲಕರಣೆಯನ್ನಿಳಿಸಿ, ದೋಷವಿದ್ದ ಕಿರುತಾಣವನ್ನು ಕಾವಿನಿಂದ ಸುಟ್ಟರು. ಸುಮಾರು ಏಳು ಗಂಟೆಯ ಕೆಲಸ. ಯುವಕ ಮಲಗಿದ್ದಲ್ಲಿಯೇ ಗಿಟಾರ್ ನುಡಿಸುತ್ತಿದ್ದ. ಬೆರಳು ಸಡಿಲಗೊಂಡಿತೇ ಎಂಬುದನ್ನು ಹೇಳಬಲ್ಲವನು ಅವನೊಬ್ಬನೇ ಅಲ್ಲವೆ?

ನೋವಾಗದೆ ಎಂದು ಓದುಗರು ಕೇಳಬಹುದು. ನೆತ್ತಿಯ ಚರ್ಮಕ್ಕೂ ಮಿದುಳನ್ನು ಹೊದ್ದ ಪೊರೆಗೂ ನೋವುಂಟು. ಅವನ್ನು ಮದ್ದು ಚುಚ್ಚಿ ಮರಗಟ್ಟಿಸುತ್ತಾರೆ. ಸಕಲ ನೋವನ್ನೂ ಅರಿಯುವ ಮಿದುಳಿಗೆ ಮಾತ್ರ ತನ್ನ ನೋವು ತಿಳಿಯದು!

ಮಾತಿನ ನೆಲೆಯ ಬಳಿ ಗಡ್ಡೆ ಬೆಳೆದಾಗ ಈ ಎಚ್ಚರದ ಅಗತ್ಯ ಇನ್ನೂ ಹೆಚ್ಚು. ಈ ದಾರಿಯನ್ನು ಹಸನುಗೊಳಿಸಿದವರು ಮಾಂಟ್ರಿಯಲ್ ನಗರದ ವೈದ್ಯ ವೈಲ್ಡರ್ ಪೆನ್‌ಫೀಲ್ಡ್. ರೋಗಿಗೆ ಚಿತ್ರ ತೋರಿಸುತ್ತ, ತೆರೆದ ಮಿದುಳಿಗೆ ಎಳೆಯಷ್ಟು ವಿದ್ಯುತ್ತು ಮುಟ್ಟಿಸುವುದು. ಹೆಸರು ಹೇಳುತ್ತಿದ್ದವನು ತಟ್ಟನೆ ತಡವರಿಸಿದನೋ, ಆ ತಾಣವನ್ನು ಕತ್ತಿ ಮುಟ್ಟುವುದಿಲ್ಲ. 1978ರಲ್ಲಿ ಓಜೆಮನ್ ಮತ್ತು ವಿಟೇಕರ್ ಎಂಬಿಬ್ಬರು ಎರಡು ಭಾಷೆ ಬಲ್ಲವರನ್ನು ಹೀಗೆ ಪರೀಕ್ಷಿಸಿ, ಕೆಲವು ತಾಣಗಳು ಎರಡೂ ಭಾಷೆಗಳಿಗೆ ಬೇಕಾದವು, ಕೆಲವು ಒಂದಕ್ಕೆ ಮಾತ್ರ ಬೇಕಾದವು ಎಂದು ತೋರಿಸಿದರು. ಅಂದಮೇಲೆ ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿ, ಕನ್ನಡ ಉಳಿಯಿತೆಂದು ನೆಮ್ಮದಿಯಿಂದಿರುವಂತಿಲ್ಲ.

ಕನ್ನಡವೆಂದರೂ ಯಾವ ಕನ್ನಡ? ಯಮನೂರಿನ ಎರೆಹೊಲದ ಒಕ್ಕಲಿಗನೊಬ್ಬ ಆ ಮೇಜಿನ ಮೇಲಿದ್ದಾನೆನ್ನೋಣ. ಎತ್ತಿನ ಗಾಡಿಯ ಚಿತ್ರ ತೋರಿಸಿದರೆ ಅವನು "ಚಕ್ಕಡಿ" ಎನ್ನುವನು. ಪಠ್ಯಪುಸ್ತಕದ ಕನ್ನಡವಷ್ಟೇ ಬಲ್ಲ ಪರೀಕ್ಷಕ ಅದನ್ನು ತಪ್ಪೆಂದು ಬರೆದುಕೊಂಡರೆ? ಪಿಯಾನೋ ಚಿತ್ರಕ್ಕೆ ಅವನು ಸುಮ್ಮನಾದರೆ ಅದು ಮಿದುಳಿನ ದೋಷವಲ್ಲ. ಆ ವಸ್ತುವನ್ನು ಅವನು ಕಂಡೇ ಇಲ್ಲ. ಕೂರಿಗೆಯನ್ನು ತೋರಿಸಿದ್ದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೇಳಿಬಿಡುತ್ತಿದ್ದ. (ನಮ್ಮ ಮಾಸ್ತರರೂ ಮಕ್ಕಳನ್ನು ಪರೀಕ್ಷಿಸುವಾಗ ಇದನ್ನೇ ಮರೆಯುವುದುಂಟು.)

ಅದಕ್ಕಾಗಿಯೇ ಶಸ್ತ್ರಕ್ರಿಯೆಗೆ ಮುಂಚೆ ಚಿತ್ರಗಳನ್ನೆಲ್ಲ ರೋಗಿಯ ಮುಂದೆ ಹರವಿ, ಅವನು ಹೆಸರಿಸಲಾರದವನ್ನು ಬದಿಗಿಡುವ ಪದ್ಧತಿಯಿದೆ. ಉಳಿದವು ಮಾತ್ರ ಅವನೊಡನೆ ಒಳಗೆ ಹೋಗುತ್ತವೆ. ಚಕ್ಕಡಿಯ ಚಿತ್ರದ ಬೆನ್ನಿಗೆ ಅವನು ಅಂದ ಪದವನ್ನೇ ಬರೆದಿಟ್ಟುಕೊಳ್ಳಬೇಕು.