ಡೀಸೆಲ್ ಎಣ್ಣೆಯ ಗುಣವೂ ಕಾರಿನ ಓಟವೂ

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವು 1938ನೆಯ ಇಸವಿ ಏಪ್ರಿಲ್ 25ರ ಗೋಲಿಬಾರಿನಿಂದಾಗಿ ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತವಾದ ಊರು. ಉತ್ತರ ಪಿನಾಕಿನಿಯ ದಡದ ಈ ಕ್ಷೇತ್ರಕ್ಕೆ ಬರುವ ಯಾತ್ರಿಕರಲ್ಲಿ ಅನೇಕರದು ಡೀಸೆಲ್ ಕಾರು. ಸುತ್ತಲ ಹೊಲಗಳಲ್ಲಿ ಕಡಲೆಕಾಯಿ ಬೆಳೆಯುತ್ತದೆ. ಬದುಗಳಲ್ಲಿ ಹೊಂಗೆಯ ಮರಗಳಿವೆ. ಈ ಎರಡಕ್ಕೂ ಡೀಸೆಲ್ ಎಂಜಿನಿಗೂ ನಂಟುಂಟೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಆದರೆ ಅದು ನಿಜ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನು ಕಡಲೆಕಾಯಿ ಎಣ್ಣೆಯಿಂದಲೇ ನಡೆಯಿತು. ಹೊಂಗೆಯ ಮಾತು ಮುಂದೆ ಬರುತ್ತದೆ. ಎಣ್ಣೆಯ ಗುಣ ಬದಲಾದರೆ ಕಾರಿನ ಓಟವೂ ಬದಲಾಗುವುದೆ? ಎಣ್ಣೆಗೆ ಬೆರೆಸುವ ಸೀಸೆಯ ಔಷಧಗಳಿಂದ ಲಾಭವುಂಟೆ? ಇವೇ ಈ ಲೇಖನದ ಪ್ರಶ್ನೆಗಳು.

ಕಿಡಿಯಿಲ್ಲದ ಬೆಂಕಿ

ಪೆಟ್ರೋಲ್ ಎಂಜಿನಿನಲ್ಲಿ ವಿದ್ಯುತ್ತಿನ ಕಿಡಿ ಬೆಂಕಿ ಹೊತ್ತಿಸುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನಿನಲ್ಲಿ ಕಿಡಿಯಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಅದರ ಗಾತ್ರದ ಸುಮಾರು ಹದಿನಾರನೆಯ ಒಂದು ಪಾಲಿಗೆ ಅದುಮಿದರೆ ಅದರ ಉಷ್ಣತೆ 500 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಸೈಕಲ್ ಪಂಪು ಗಾಳಿ ಹೊಡೆದಾಗ ಬಿಸಿಯಾಗುವುದೂ ಇದೇ ತತ್ತ್ವದಿಂದ. ಆ ಕಾದ ಗಾಳಿಗೆ ಎಣ್ಣೆಯನ್ನು ತುಂತುರಾಗಿ ಸಿಡಿಸಿದೊಡನೆ ಅದು ತಾನೇ ಹೊತ್ತಿಕೊಳ್ಳುತ್ತದೆ.

ಎಣ್ಣೆ ಎಷ್ಟು ಬೇಗ ಹೊತ್ತುತ್ತದೆ ಎಂಬುದರ ಅಳತೆಗೆ ಸೀಟೇನ್ ಸಂಖ್ಯೆಯೆಂದು ಹೆಸರು. ಭಾರತದಲ್ಲಿ ಮಾರುವ ಡೀಸೆಲಿಗೆ ಇದು 51ಕ್ಕಿಂತ ಕಡಮೆಯಿರಬಾರದು. ಸಂಖ್ಯೆ ತೀರ ಇಳಿದರೆ ಹೊತ್ತುವುದು ತಡವಾಗಿ, ಸಂಗ್ರಹವಾದ ಎಣ್ಣೆಯೆಲ್ಲ ಒಮ್ಮೆಲೆ ಉರಿದು ಎಂಜಿನು ಬಡಿದುಕೊಳ್ಳುತ್ತದೆ. ಆದರೆ ಸೀಟೇನ್ ಸಂಖ್ಯೆ ಎಣ್ಣೆಯಲ್ಲಿ ಅಡಗಿದ ಶಕ್ತಿಯ ಅಳತೆಯಲ್ಲ.

ಓಟವನ್ನು ನಿರ್ಧರಿಸುವುದು ಯಾವುದು?

ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು 36 ದಶಲಕ್ಷ ಜೂಲ್ ಶಕ್ತಿ ಹೊರಬೀಳುತ್ತದೆ. ಹೊಂಗೆಯಂಥ ಬೀಜಗಳ ಎಣ್ಣೆಯಿಂದ ತಯಾರಿಸಿದ ಜೈವಿಕ ಡೀಸೆಲಿನಲ್ಲಿ ಇದು ಸುಮಾರು 33 ದಶಲಕ್ಷ ಮಾತ್ರ. ಹಸಿ ಹೊಂಗೆ ಎಣ್ಣೆ ಬಲು ಮಂದವಾದುದರಿಂದ ಅದನ್ನು ಮೆಥನಾಲಿನೊಡನೆ ವರ್ತಿಸುವಂತೆ ಮಾಡಿ, ಗ್ಲಿಸರಿನನ್ನು ಬೇರ್ಪಡಿಸಿ ತೆಳುವಾಗಿಸುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸರು ಹೊಂಗೆ ಎಣ್ಣೆಯಿಂದ ಹಳ್ಳಿಗಳಲ್ಲಿ ವಿದ್ಯುತ್ ಉತ್ಪಾದಿಸುವ ಪ್ರಯತ್ನದಿಂದ ಹೆಸರಾದವರು. ನೂರರಲ್ಲಿ ಇಪ್ಪತ್ತು ಪಾಲು ಜೈವಿಕ ಡೀಸೆಲ್ ಬೆರೆಸಿದರೆ ಶಕ್ತಿಯಲ್ಲಾಗುವ ನಷ್ಟ ಶೇಕಡ 2ಕ್ಕಿಂತ ಕಡಮೆ. ಲೀಟರಿಗೆ 20 ಕಿಲೋಮೀಟರು ಓಡುವ ಕಾರು ಸುಮಾರು 300 ಮೀಟರು ಕಡಮೆ ಓಡೀತು, ಅಷ್ಟೆ.

ಇನ್ನು ಗಂಧಕದ ವಿಷಯ. 2020ರ ಏಪ್ರಿಲ್ 1ರಿಂದ ಕಿಲೋಗ್ರಾಂ ಡೀಸೆಲಿನಲ್ಲಿ ಗಂಧಕ 10 ಮಿಲಿಗ್ರಾಮಿಗಿಂತ ಹೆಚ್ಚಿರಕೂಡದೆಂಬ ನಿಯಮ ದೇಶದಲ್ಲೆಲ್ಲ ಜಾರಿಗೆ ಬಂದಿತು. ಇದರಿಂದ ಹೊಗೆಯ ವಿಷ ತಗ್ಗಿತೇ ಹೊರತು ಓಟ ಹೆಚ್ಚಲಿಲ್ಲ. ಗಂಧಕ ತೆಗೆಯುವಾಗ ಎಣ್ಣೆಯ ಸಹಜವಾದ ಜಾರುಗುಣವೂ ಕುಗ್ಗುತ್ತದೆ. ಎಂಜಿನಿನ ಎಣ್ಣೆ ಪಂಪು ಸವೆಯದಿರಲೆಂದು ಆ ಗುಣವನ್ನು ಮರಳಿ ಕೊಡುವ ದ್ರವ್ಯವನ್ನು ತಯಾರಕರೇ ಸೇರಿಸಿರುತ್ತಾರೆ.

ಸೀಸೆಯ ಔಷಧ

ಅಂಗಡಿಯ ಸೀಸೆಗಳ ಮಾತೇನು? ನಲವತ್ತು ಲೀಟರಿಗೆ 50 ಮಿಲಿಲೀಟರ್ ಬೆರೆಸುವೆವೆಂದುಕೊಳ್ಳೋಣ. ಅದು ಎಂಟುನೂರರಲ್ಲಿ ಒಂದು ಪಾಲು. ಇಷ್ಟು ಅಲ್ಪ ದ್ರವ ತನ್ನದೇ ಶಕ್ತಿಯಿಂದ ಕಾರನ್ನು ಹೆಚ್ಚು ದೂರ ಓಡಿಸಲಾರದು. ದಹನವನ್ನು ಪೂರ್ಣಗೊಳಿಸುತ್ತದೆಂಬುದು ಇನ್ನೊಂದು ವಾದ. ಆದರೆ ಸುಸ್ಥಿತಿಯಲ್ಲಿರುವ ಡೀಸೆಲ್ ಎಂಜಿನಿನಲ್ಲಿ ನೂರಕ್ಕೆ ತೊಂಬತ್ತೆಂಟು ಪಾಲಿಗೂ ಹೆಚ್ಚಿನ ಎಣ್ಣೆ ಆಗಲೇ ಉರಿದಿರುತ್ತದೆ. ನಷ್ಟವಾಗುವುದು ಉರಿಯದ ಎಣ್ಣೆಯಿಂದಲ್ಲ. ಬಿಸಿ ಹೊಗೆಯಾಗಿ, ಎಂಜಿನಿನ ಕಾವಾಗಿ ಹೊರಹೋಗುವ ಉಷ್ಣದಿಂದ. ಅದನ್ನು ಯಾವ ಸೀಸೆಯೂ ತಡೆಯಲಾರದು. ಎಣ್ಣೆ ಸಿಡಿಸುವ ಸೂಕ್ಷ್ಮ ರಂಧ್ರಗಳಲ್ಲಿ ಕಿಟ್ಟ ಕಟ್ಟಿದ್ದರೆ ಶುದ್ಧಿಕಾರಕ ದ್ರವ್ಯ ಅದನ್ನು ಕರಗಿಸಿ, ಕಳೆದುಹೋದ ಓಟವನ್ನು ಹಿಂದಿರುಗಿಸಬಲ್ಲದು. ಅದಕ್ಕಿಂತ ಹೆಚ್ಚಿನದನ್ನು ಕೊಡದು.

“ಹಾಕಿದ ಮೇಲೆ ಓಟ ಹೆಚ್ಚಿತು” ಎನ್ನುವವರು ಸುಳ್ಳು ಹೇಳುತ್ತಾರೆಂದಲ್ಲ. ಟ್ಯಾಂಕು ತುಂಬಿಸುವಾಗ ಅರ್ಧ ಲೀಟರ್ ಹೆಚ್ಚುಕಡಮೆಯಾದರೆ, 10 ಲೀಟರಿನ ಲೆಕ್ಕದಲ್ಲಿ ಶೇಕಡ 5ರಷ್ಟು ದೋಷವಾಯಿತು. ಶೇಕಡ 3ರ ಲಾಭವನ್ನು ಇಂಥ ಒಂದೇ ಅಳತೆ ತೋರಿಸಲಾರದು. ಅದೇ ದಾರಿ, ಅದೇ ವೇಗ, ಟೈರಿನಲ್ಲಿ ಅಷ್ಟೇ ಗಾಳಿ ಇಟ್ಟುಕೊಂಡು ಹಲವು ಸಲ ಅಳೆದು ಸರಾಸರಿ ತೆಗೆಯಬೇಕು.

ಕಲಬೆರಕೆಯನ್ನು ಕಾಣುವ ಬಗೆ

ಡೀಸೆಲಿಗೆ ಸೀಮೆಎಣ್ಣೆ ಬೆರೆಸುವ ಮೋಸವನ್ನು ಓಟದಿಂದ ಪತ್ತೆಮಾಡಬಹುದೆ? ಲೀಟರಿಗೆ 830 ಗ್ರಾಂ ತೂಗುವ ಡೀಸೆಲಿನ ನಾಲ್ಕು ಪಾಲಿಗೆ 800 ಗ್ರಾಂ ತೂಗುವ ಸೀಮೆಎಣ್ಣೆ ಒಂದು ಪಾಲು ಸೇರಿತೆನ್ನೋಣ. ಶಕ್ತಿ ಶೇಕಡ 1ರಷ್ಟೂ ತಗ್ಗದು. ಚಾಲಕನಿಗೆ ಏನೂ ತಿಳಿಯದು. ಆದರೆ ಸೀಮೆಎಣ್ಣೆಗೆ ಜಾರುಗುಣ ಕಡಮೆ. ಪಂಪು ಮೆಲ್ಲಗೆ ಸವೆಯುತ್ತದೆ. ಓಟ ಹೇಳದ ಸತ್ಯವನ್ನು ಸಾಂದ್ರತೆ ಹೇಳುತ್ತದೆ. ಮಿಶ್ರಣದ ತೂಕ ಲೀಟರಿಗೆ 824 ಗ್ರಾಮಿಗೆ ಇಳಿಯಿತಷ್ಟೆ. 15 ಡಿಗ್ರಿ ಉಷ್ಣತೆಗೆ ಸರಿಹೊಂದಿಸಿದ ಸಾಂದ್ರತೆಯಲ್ಲಿ 3 ಗ್ರಾಮಿಗಿಂತ ಹೆಚ್ಚಿನ ವ್ಯತ್ಯಾಸ ಕಂಡರೇ ಸಂಶಯಕ್ಕೆ ಕಾರಣವುಂಟು. ಬಂಕಿನಲ್ಲಿ ಹೈಡ್ರೋಮೀಟರಿನಿಂದ ಇದನ್ನು ಅಳೆದು ತೋರಿಸಿರೆಂದು ಕೇಳುವ ಹಕ್ಕು ಪ್ರತಿಯೊಬ್ಬ ಗ್ರಾಹಕನಿಗೂ ಇದೆ.

ಈ ಸಣ್ಣ ಅಂಕಿಯ ಹಿಂದೆ ಪ್ರಾಣದ ಬೆಲೆಯೂ ಇದೆ. ಷಣ್ಮುಗಂ ಮಂಜುನಾಥ್ ಕೋಲಾರ ಜಿಲ್ಲೆಯ ಚಿನ್ನದ ಗಣಿ ಪ್ರದೇಶದಲ್ಲಿ ಬೆಳೆದವರು. ವಿದುರಾಶ್ವತ್ಥವೂ 2007ರವರೆಗೆ ಅದೇ ಜಿಲ್ಲೆಗೆ ಸೇರಿತ್ತು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಲಕ್ನೋದಲ್ಲಿ ಆಡಳಿತಶಾಸ್ತ್ರ ಕಲಿತು ಇಂಡಿಯನ್ ಆಯಿಲ್ ಸಂಸ್ಥೆಯ ಅಧಿಕಾರಿಯಾದರು. ಉತ್ತರಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆಯ ಎಣ್ಣೆ ಮಾರುತ್ತಿದ್ದ ಬಂಕಿನ ಮೇಲೆ ಕ್ರಮ ಕೈಗೊಂಡುದಕ್ಕಾಗಿ 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ಆಗ ಅವರ ವಯಸ್ಸು 27. ಕೊಲೆಗಾರರ ಜೀವಾವಧಿ ಶಿಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ಎತ್ತಿಹಿಡಿಯಿತು.

ಹೈಡ್ರೋಮೀಟರು ಯಾವ ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ ದೊರೆಯುವ ಸಾಧಾರಣ ಉಪಕರಣ. ಗಾಜಿನ ಜಾಡಿಯಲ್ಲಿ ಅದನ್ನು ತೇಲಿಬಿಟ್ಟು, ಪಕ್ಕದಲ್ಲಿ ಉಷ್ಣಮಾಪಕವಿಟ್ಟು ಓದಲು ವಿದ್ಯಾರ್ಥಿಗಳು ಕಲಿಯಲಿ. ಆರ್ಕಿಮಿಡೀಸನ ತತ್ತ್ವ ಪರೀಕ್ಷೆಗಾಗಿ ಮಾತ್ರವಲ್ಲ. ಬಂಕಿನಲ್ಲಿ ನಿಂತು ಪ್ರಶ್ನೆ ಕೇಳುವುದಕ್ಕೂ ಅದು ಬೇಕಾಗುತ್ತದೆ.