ಹಳೆಯ ಟ್ರಾಕ್ಟರ್, ಹೊಸ ಪಂಪು: ಪಿ.ಟಿ.ಓ. ಶಾಫ್ಟ್ ಅಳತೆಯ ತೊಡಕು

ಮೂಡಿಗೆರೆ ತಾಲ್ಲೂಕಿನ ಜಾವಳಿಯಿಂದ ಕಳಸದವರೆಗಿನ ಕಾಫಿ ಸೀಮೆಯಲ್ಲಿ ಟ್ರಾಕ್ಟರು ಉಳುಮೆಗಿಂತ ಹೆಚ್ಚಾಗಿ ಟ್ರೈಲರ್ ಎಳೆಯಲು ಹಾಗೂ ಇತರ ಯಂತ್ರಗಳನ್ನು ನಡೆಸಲು ಒದಗುವ ಸಾಧನ. ಇಂಜಿನ್ನಿನ ಶಕ್ತಿಯನ್ನು ಪಂಪಿಗೋ ಸಿಂಪಡಣಾ ಯಂತ್ರಕ್ಕೋ ತಲುಪಿಸುವುದು ಅದರ ಹಿಂಬದಿಯಲ್ಲಿರುವ, ಹಲ್ಲುಗಳುಳ್ಳ ಪಿ.ಟಿ.ಓ. ಶಾಫ್ಟ್. ಈ ಎರಡು ಕೆಲಸಗಳಿಗೂ ಕಾಲದ ಕಟ್ಟುಪಾಡಿದೆ. ಫೆಬ್ರವರಿ-ಮಾರ್ಚ್ ತಿಂಗಳಲ್ಲಿ ಹೂಮಳೆ ಬಾರದಿದ್ದರೆ ರೊಬಸ್ಟಾ ಗಿಡಗಳಿಗೆ ಸ್ಪ್ರಿಂಕ್ಲರ್ ನೀರು ಕೊಡಲೇಬೇಕು. ಎಲೆತುಕ್ಕು ರೋಗದ ತಡೆಗೆ ಶೇ. 0.5ರ ಬೋರ್ಡೋ ದ್ರಾವಣವನ್ನು ಮುಂಗಾರಿಗೆ ಮೊದಲೇ ಸಿಂಪಡಿಸಬೇಕು. (ಹೇಮಾವತಿ ಹುಟ್ಟುವ ಜಾವಳಿಯ ಸೀಮೆಯಲ್ಲಿಯೂ ಬೇಸಿಗೆಯ ನೀರಿಗೆ ಪಂಪು ಹುಡುಕಬೇಕಾಗಿರುವುದು ವಿಪರ್ಯಾಸವೇ ಸರಿ.) ಇಂಥ ಸಮಯದಲ್ಲಿ ಹೊಸದಾಗಿ ಕೊಂಡ ಪಂಪಿನ ಯೋಕ್ ಹಳೆಯ ಟ್ರಾಕ್ಟರಿನ ಶಾಫ್ಟಿಗೆ ಕೂರದಿದ್ದರೆ ವರ್ಷದ ಫಸಲಿಗೇ ಪೆಟ್ಟು ಬೀಳಬಹುದು.

ಇಂದು ಮಾರುಕಟ್ಟೆಯಲ್ಲಿ ದೊರೆಯುವ ಬಹುತೇಕ ಉಪಕರಣಗಳು 1 3/8 ಅಂಗುಲ ವ್ಯಾಸದ, 6 ಹಲ್ಲಿನ, ನಿಮಿಷಕ್ಕೆ 540 ಸುತ್ತು ತಿರುಗುವ ಶಾಫ್ಟಿಗೆ ಹೊಂದುವಂಥವು. ಆದರೆ 1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 5 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಫರ್ಗುಸನ್ ಟಿಇ-20 ಹಾಗೂ ಅಮೆರಿಕದ ಫೋರ್ಡ್ 8ಎನ್ ಟ್ರಾಕ್ಟರುಗಳ ಶಾಫ್ಟ್ 1 1/8 ಅಂಗುಲದ್ದು. ಹಲ್ಲುಗಳು ಅಲ್ಲಿಯೂ ಆರೇ. ವ್ಯತ್ಯಾಸ ಕೇವಲ 6 ಮಿ.ಮೀ.ನಷ್ಟಾದುದರಿಂದ ಕಣ್ಣಂದಾಜು ಸುಲಭವಾಗಿ ಮೋಸ ಹೋಗುತ್ತದೆ. ಫರ್ಗುಸನ್ನಿನ ನಂತರ ಬಂದ ಮ್ಯಾಸ್ಸಿ ಫರ್ಗುಸನ್ 35ರಲ್ಲಿ 1 3/8 ಅಂಗುಲದ ಶಾಫ್ಟ್ ಇರುವ ಕಾರಣ, ಹೆಸರು ನೋಡಿ ಬಿಡಿಭಾಗ ತರುವುದೂ ಸಲ್ಲದು.

ಸಾಮಾನ್ಯ ಪರಿಹಾರವೆಂದರೆ ಸ್ಲೀವ್ ಅಡಾಪ್ಟರ್. ಹಗುರವಾದ ಕೆಲಸಕ್ಕೆ ಇದು ಸಾಕಾಗುತ್ತದೆ. ಆದರೆ ಸ್ಲೀವ್ ಹಾಕಿದ ಮಾತ್ರಕ್ಕೆ ಒಳಗಿನ ದಂಡ ದಪ್ಪವಾಗುವುದಿಲ್ಲ. ತಿರುಚುವ ಬಲವನ್ನು ತಾಳುವ ಸಾಮರ್ಥ್ಯವು ವ್ಯಾಸದ ಘನಕ್ಕೆ ಅನುಗುಣವಾಗಿರುವುದರಿಂದ, ಒಂದೇ ಬಗೆಯ ಉಕ್ಕಿನಲ್ಲಿ ದೊಡ್ಡ ಶಾಫ್ಟ್ ಚಿಕ್ಕದಕ್ಕಿಂತ ಸುಮಾರು 1.8 ಪಟ್ಟು ಬಲಿಷ್ಠ. ಜೊತೆಗೆ ಸ್ಲೀವಿನಿಂದ ಜೋಡಣೆಯ ಉದ್ದವೂ ಕೆಲವು ಅಂಗುಲ ಹೆಚ್ಚುತ್ತದೆ. ಉಪಕರಣವನ್ನು ಎತ್ತಿದಾಗ ಒಂದರೊಳಗೊಂದು ಜಾರುವ ಶಾಫ್ಟ್ ಪೂರ್ತಿ ಮುಚ್ಚಿಕೊಂಡು ಟ್ರಾಕ್ಟರಿನ ಬೇರಿಂಗನ್ನೇ ಒತ್ತಬಹುದು. ರಕ್ಷಾಕವಚದಿಂದ ಹೊರಚಾಚಿದ ಪಿನ್ನು ಆಳಿನ ಪಂಚೆಯನ್ನೋ ಕಂಬಳಿಯನ್ನೋ ಸುತ್ತಿಕೊಂಡರೆ ಆಗುವ ಅನಾಹುತ ಬಿಡಿಸಿ ಹೇಳಬೇಕಾಗಿಲ್ಲ. ಸ್ಲೀವನ್ನು ಶಾಫ್ಟಿಗೇ ವೆಲ್ಡ್ ಮಾಡಿಸುವ ರೂಢಿಯಂತೂ ಸರ್ವಥಾ ಕೂಡದು. ಕಾವಿಗೆ ಉಕ್ಕಿನ ಹದ ಕೆಡುತ್ತದೆ, ಎಳ್ಳಷ್ಟು ಓರೆಯಾದರೂ ಅದುರಿ ಆಯಿಲ್ ಸೀಲ್ ಹಾಳಾಗುತ್ತದೆ.

ಪಂಪಿನಂಥ ಭಾರದ ಕೆಲಸಕ್ಕೆ, ಟ್ರಾಕ್ಟರಿನ ಕಡೆಗೆ 1 1/8 ಅಂಗುಲದ ಯೋಕ್ ಇರುವ ಶಾಫ್ಟನ್ನೇ ಮಾಡಿಸಿಕೊಳ್ಳುವುದು ಮೇಲು. ಇದರಿಂದ ಉದ್ದ ಬೆಳೆಯುವುದಿಲ್ಲ. ಟ್ರಾಕ್ಟರಿನ ಶಾಫ್ಟನ್ನೇ ಕಳಚಿ, ಹೊರತುದಿ 1 3/8 ಅಂಗುಲವಿರುವ ಬದಲಿ ಶಾಫ್ಟ್ ಕೂರಿಸುವುದೂ ಸಾಧ್ಯ. ಖರ್ಚು ಹೆಚ್ಚಾದರೂ ಪ್ರತಿ ಉಪಕರಣಕ್ಕೂ ಪ್ರತ್ಯೇಕ ಜೋಡಣೆಯ ಗೋಜು ತಪ್ಪುತ್ತದೆ.

ಕಳೆ ಕತ್ತರಿಸುವ ಸ್ಲ್ಯಾಶರ್ ಜೋಡಿಸುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಟಿಇ-20ರಲ್ಲಿ ಕ್ಲಚ್ ಒತ್ತಿದರೂ, ವೇಗದಲ್ಲಿ ತಿರುಗುತ್ತಿರುವ ಅಲಗು ಗೇರ್‌ಬಾಕ್ಸಿನ ಮೂಲಕ ಚಕ್ರಗಳನ್ನು ಮುಂದಕ್ಕೆ ದೂಡುತ್ತಲೇ ಇರುತ್ತದೆ. ಮಲೆನಾಡಿನ ಇಳಿಜಾರಿನಲ್ಲಿ ಇದು ಪ್ರಾಣಾಪಾಯಕಾರಿ. ಇದಕ್ಕಾಗಿಯೇ ಒಂದೇ ದಿಕ್ಕಿನಲ್ಲಿ ಬಲ ಸಾಗಿಸುವ ಓವರ್‌ರನ್ನಿಂಗ್ ಕಪ್ಲರುಗಳಿವೆ.

ತೊಡಕು ಹಳೆಯ ಟ್ರಾಕ್ಟರುಗಳದ್ದು ಮಾತ್ರವಲ್ಲ. 1 3/8 ಅಂಗುಲದಲ್ಲಿಯೇ 21 ಹಲ್ಲಿನ ಶಾಫ್ಟ್ ನಿಮಿಷಕ್ಕೆ 1000 ಸುತ್ತಿನದು. ಹಲ್ಲಿನ ಸಂಖ್ಯೆಯನ್ನು ಬೇರೆ ಮಾಡಿರುವುದೇ 540 ಸುತ್ತಿನ ಉಪಕರಣ ಅದಕ್ಕೆ ಕೂರಬಾರದೆಂದು. ಅಡಾಪ್ಟರ್ ಹಾಕಿ ಈ ತಡೆಯನ್ನು ಮೀರಿ 1000 ಸುತ್ತಿನಲ್ಲಿ ಓಡಿಸಿದರೆ, ಸೆಂಟ್ರಿಫ್ಯೂಗಲ್ ಪಂಪು ಬೇಡುವ ಶಕ್ತಿ ಆರು ಪಟ್ಟಿಗೂ ಮೀರುತ್ತದೆ. ಆದ್ದರಿಂದ ಮಾರಾಟಗಾರರು ಆರ್ಡರ್ ಪಡೆಯುವಾಗ ಟ್ರಾಕ್ಟರಿನ ಹೆಸರಿನ ಜೊತೆಗೆ ವರ್ನಿಯರ್ ಕ್ಯಾಲಿಪರಿನಿಂದ ಅಳೆದ ಹೊರವ್ಯಾಸ, ಹಲ್ಲಿನ ಸಂಖ್ಯೆ ಹಾಗೂ ಸುತ್ತಿನ ವೇಗವನ್ನು ಬಿಲ್ಲಿನಲ್ಲಿಯೇ ನಮೂದಿಸುವುದು ಒಳಿತು.